ಕುದುರೆ ತಿಂದು ಬದುಕಿದ ಹಿಂಡಿ

ಬೆಳಗಿನ ಪೇಪರಿನಲ್ಲಿ ಬಂದ ದೊಡ್ಡ ಮನುಷ್ಯರನ್ನೆಲ್ಲ ಒಬ್ಬೊಬ್ಬರನ್ನಾಗಿ ಬೈದು ಮುಗಿಸುವುದು ಚಿಕ್ಕಮ್ಮನ ದಿನಚರಿ. ಅವತ್ತು ಅವಳಿನ್ನೂ ಎರಡನೇ ಪುಟದಲ್ಲಿದ್ದಾಗಲೇ ಗೇಟಿನ ಹತ್ತಿರ ಒಬ್ಬ ಹೆಂಗಸು ಬಂದು ನಿಂತಳು. ಕಾಲಲ್ಲಿ ರಬ್ಬರ್ ಬೂಟು, ಮೈಯೆಲ್ಲ ಹಾಲು ಸಗಣಿಯ ವಾಸನೆ, ನಿದ್ದೆಯಿಲ್ಲದೆ ಕೆಂಪಾದ ಕಣ್ಣು. ಒಳಗೆ ಕ್ಯಾಮೆರಾ ಒರೆಸುತ್ತ ಕೂತಿದ್ದ ಅಕ್ಕನ ಮಗ ಅವಳನ್ನು ಕಂಡ ಕೂಡಲೇ ಗುರುತು ಹಿಡಿದ. ಹಿಂದಿನ ದಿನ ಅವಳ ಕೊಟ್ಟಿಗೆಯಲ್ಲಿ ಸತ್ತು ಬಿದ್ದ ಆರು ಹಸುಗಳ ಫೋಟೋ ತೆಗೆದು ಬಂದವನು ಅವನೇ.

ಚಿಕ್ಕಮ್ಮ ಜಾನುವಾರು ವಿಮೆ ಕಂಪನಿಯಲ್ಲಿ ತನಿಖೆಯ ಕೆಲಸ ಮಾಡಿ ನಿವೃತ್ತಳಾದವಳು. ಸತ್ತ ದನಗಳನ್ನೂ ಅವುಗಳ ಪಕ್ಕ ನಿಂತು ಅಳುವ ಮಾಲೀಕರನ್ನೂ ನೋಡಿ ನೋಡಿ ಅವಳಿಗೆ ದನಗಳ ಮೇಲೆ ಗೌರವ, ಮನುಷ್ಯರ ಮೇಲೆ ತಾತ್ಸಾರ ಬಂದುಬಿಟ್ಟಿತ್ತು. ಪೊಲೀಸರ ಕೈಯಲ್ಲಿ ಬಗೆಹರಿಯದ್ದು ಏನಾದರೂ ನಡೆದರೆ ಜನ ಈಗಲೂ ಅವಳ ಗೇಟು ತಟ್ಟುತ್ತಿದ್ದರು. ಫೋಟೋ ಸ್ಟುಡಿಯೋ ನಡೆಸುತ್ತಿದ್ದ ಅಕ್ಕನ ಮಗ ಕ್ಯಾಮೆರಾ ಹೊತ್ತು ಅವಳ ಹಿಂದೆ ತಿರುಗುತ್ತಿದ್ದ. ತಪ್ಪು ಮನುಷ್ಯರ ಮೇಲೆ ಸಂಶಯ ಪಡುವುದರಲ್ಲಿ ಅವನದು ಎತ್ತಿದ ಕೈ. ಅವನು ಯಾರನ್ನು ಕಳ್ಳ ಅನ್ನುತ್ತಾನೋ ಅವರನ್ನು ಧೈರ್ಯವಾಗಿ ಬಿಟ್ಟುಬಿಡಬಹುದು ಅನ್ನುವುದು ಚಿಕ್ಕಮ್ಮನ ಅನುಭವ.

"ಅಮ್ಮಾ, ಸಂಜೆ ಪೊಲೀಸರು ನನ್ನ ಕರ್ಕೊಂಡು ಹೋಗ್ತಾರಂತೆ," ಅಂದಳು ಕೊಟ್ಟಿಗೆಯಾಕೆ. "ನನ್ನ ಹಸುಗಳಿಗೆ ನಾನು ವಿಷ ಹಾಕಿಲ್ಲ."

"ಹಾಕಿದವರೂ ಹೀಗೇ ಹೇಳ್ತಾರೆ. ಕೂತ್ಕೋ. ಯಾರ ಹಸು?"

"ಹಿಂಡಿ ಸಾಹುಕಾರ್ರದ್ದು. ಕಾರ್ಖಾನೆ ಹಿಂದೆ ಮಾದರಿ ಕೊಟ್ಟಿಗೆ ಇದೆಯಲ್ಲ, ಅಲ್ಲಿ."

ಹಿಂಡಿ ಸಾಹುಕಾರನನ್ನು ಗೊತ್ತಿಲ್ಲದವರು ಇರಲಿಲ್ಲ. ಗೊತ್ತಿಲ್ಲದಿರಲು ಅವನೇ ಬಿಡುತ್ತಿರಲಿಲ್ಲ. ಬಿಯರ್ ಕಾರ್ಖಾನೆ ಹಿಂಡಿ ಬಿಟ್ಟ ಬಾರ್ಲಿ, ಎಣ್ಣೆ ಗಾಣದ ಹಿಂಡಿ, ಸಕ್ಕರೆ ಕಾರ್ಖಾನೆಯ ಕಾಕಂಬಿ, ಪಿಷ್ಟದ ಕಾರ್ಖಾನೆಯ ಮೆಕ್ಕೆಜೋಳದ ಸಿಪ್ಪೆ, ಹೀಗೆ ಬೇರೆಯವರು ಬಿಸಾಕುವುದನ್ನೆಲ್ಲ ಬಳಿದು ತಂದು ಪಶು ಆಹಾರ ಮಾಡಿ ಮಾರುತ್ತಿದ್ದ. ಅದರಲ್ಲಿ ತಪ್ಪೇನೂ ಇಲ್ಲ. ದನಕ್ಕೆ ಅದೆಲ್ಲ ಒಳ್ಳೆಯ ತಿನಿಸೇ. ಆದರೆ ಸಾಹುಕಾರನಿಗೆ ಮಾರಿದರೆ ಸಾಲದು, ಮೆರೆಯಲೂ ಬೇಕಿತ್ತು. 'ಕಸದಿಂದ ಹಾಲು' ಎಂದು ಗೋಡೆ ಗೋಡೆಗೆ ಬರೆಸಿದ್ದ. ನೆತ್ತಿಯಲ್ಲಿ ಬಿಳಿ ಮಚ್ಚೆಯಿದ್ದ ಒಂದು ಹಸುವಿನ ಚಿತ್ರವನ್ನು ಚೀಲ ಚೀಲದ ಮೇಲೂ ಅಚ್ಚು ಹಾಕಿಸಿದ್ದ. ಅದನ್ನು ಎಲ್ಲರೂ ಚೀಲದ ಹಸು ಎಂದೇ ಕರೆಯುತ್ತಿದ್ದರು.

ಕೊಟ್ಟಿಗೆಯಾಕೆ ಹೇಳಿದ್ದಿಷ್ಟು. ಹಿಂದಿನ ದಿನ ಬೆಳಿಗ್ಗೆ ಹೊರಗಿನಿಂದ ದೊಡ್ಡ ವ್ಯಾಪಾರಿಗಳು ಕೊಟ್ಟಿಗೆ ನೋಡಲು ಬರುವವರಿದ್ದರು. ಅಂಥ ಭೇಟಿಯ ಹಿಂದಿನ ದಿನ ಹಸುಗಳನ್ನು ಉಪವಾಸ ಕೆಡವುವುದು ಸಾಹುಕಾರನ ಪದ್ಧತಿ. ಅತಿಥಿಗಳ ಎದುರು ಅವು ಗಬಗಬ ತಿನ್ನಬೇಕು, ಅತಿಥಿಗಳು 'ಆಹಾ, ಎಷ್ಟು ರುಚಿಯೋ ಏನೋ' ಅನ್ನಬೇಕು. ಈ ಸಲ ಕೊಟ್ಟಿಗೆಯಾಕೆ ತಡೆಯಲಾರದೆ ಬಾಯಿಬಿಟ್ಟಿದ್ದಳು. ಹಾಲು ಕೊಡುವ ಬಾಯಿಗೆ ಹುಲ್ಲು ಕೂಡ ಹಾಕಬೇಡ ಅನ್ನುವವರಿಗೆ ಒಳ್ಳೆಯದಾಗುತ್ತಾ ಎಂದು ಎಲ್ಲರೆದುರೇ ಕೇಳಿದ್ದಳು.

"ಆಮೇಲೆ?"

"ಬೆಳಿಗ್ಗೆ ಅತಿಥಿಗಳು ಬಂದ್ರು. ನಾನು ಹಿಂಡಿ ಕಲಸಿ ಗೋದಲಿಗೆ ಹಾಕಿದೆ. ಸಾಹುಕಾರ್ರು ತಾವೇ ಮುಂದೆ ಬಂದು, ಇದು ನಮ್ಮ ಹೊಸ ಶಕ್ತಿ ಅಂತ ಹೇಳಿ, ಯೀಸ್ಟ್ ಪುಡೀನ ಬೊಗಸೆ ಬೊಗಸೆ ಮೇಲೆ ಸುರಿದ್ರು. ದಿನಾ ಹಾಕೋದು ಒಂದು ಹಿಡಿ. ಹಸಿದಿದ್ದವಲ್ಲ, ಗಬಗಬ ಮುಕ್ಕಿದ್ವು. ಸ್ವಲ್ಪ ಹೊತ್ತಿಗೆ ಮೈ ನಡುಗೋಕೆ ಶುರುವಾಯ್ತು. ಬಾಯಲ್ಲಿ ನೊರೆ, ಹೊಟ್ಟೆ ನಗಾರಿ ಹಾಗೆ ಉಬ್ಬಿತು. ಒಂದೊಂದೇ ಬಿದ್ವು."

"ಯೀಸ್ಟ್ ಪುಡಿ ಎಲ್ಲಿಂದ ಬರುತ್ತೆ?"

"ಬಿಯರ್ ಕಾರ್ಖಾನೇಲಿ ಉಳಿದ ಯೀಸ್ಟ್ ಒಣಗಿಸಿದ್ದು ಅಂತಾರೆ. ಯಾರೋ ಏಜೆಂಟು ತಂದು ಹಾಕ್ತಾನೆ."

ದನದ ಡಾಕ್ಟರು ಅತಿಥಿಗಳ ಜೊತೆಗೇ ಇದ್ದರು. ಅವರು ಕಾರ್ಖಾನೆಯ ಸಲಹೆಗಾರರು. ಎಲ್ಲ ಹಸುಗಳಿಗೂ ಇಂಜೆಕ್ಷನ್ ಚುಚ್ಚಿದರು. ಸಾಹುಕಾರ ಅವರ ಕೈ ಹಿಡಿದುಕೊಂಡು, ಉಳಿದವು ಹೋದರೆ ಹೋಗಲಿ, ಚೀಲದ ಹಸುವನ್ನಾದರೂ ಉಳಿಸಿ ಎಂದು ಗೋಗರೆದ. ಡಾಕ್ಟರು ಅದನ್ನು ಒಳಗಿನ ಗೂಡಿಗೆ ಹೊಡೆಸಿ, ಎಲ್ಲರನ್ನೂ ಆಚೆ ಕಳಿಸಿ ಬಾಗಿಲು ಹಾಕಿಕೊಂಡರು. ಅದೊಂದು ಉಳಿಯಿತು. ಉಳಿದ ಆರೂ ಸತ್ತವು.

"ಆಮೇಲೆ ಡಾಕ್ಟ್ರು, ನೀರಿಗೆ ಯಾರೋ ಕೀಟನಾಶಕ ಬೆರೆಸಿದ್ದಾರೆ ಅಂದ್ರು. ಕೊಟ್ಟಿಗೇಲಿ ಉಣ್ಣೆ ಹುಳಕ್ಕೆ ಹಚ್ಚೋ ಔಷಧಿ ಬಾಟ್ಲಿ ಇತ್ತು. ಅದಿಲ್ಲದ ಕೊಟ್ಟಿಗೆ ಎಲ್ಲಿದೆ ಅಮ್ಮಾ? ಮೊದಲೇ ನಾನು ಬಾಯಿಗೆ ಬಂದಿದ್ದು ಅಂದುಬಿಟ್ಟಿದ್ದೆ."

"ಹಿಂಡೀಲಿ ವಿಷ ಇರಬಹುದು ಅಂತ ಯಾರಿಗೂ ಅನ್ನಿಸಲಿಲ್ವಾ?" ಎಂದು ಅಕ್ಕನ ಮಗ ಒಳಗಿನಿಂದಲೇ ಕೇಳಿದ.

"ಹಾಲಿನ ಗಾಡಿ ಕುದುರೆಗೆ ಅದೇ ಗೋದಲೀಲಿ ಮಿಕ್ಕಿದ್ದನ್ನ ಬಳಿದು ತಿನ್ನಿಸಿದ್ರು. ಅದು ತಿಂದು ಆರಾಮಾಗಿ ನಿಂತಿದೆ."

ಚಿಕ್ಕಮ್ಮ ಪೇಪರನ್ನು ಮಡಚಿ ಕುರ್ಚಿಯ ಮೇಲಿಟ್ಟಳು. ಬೈಯದೆ ಉಳಿದ ಪುಟಗಳು ಇನ್ನೂ ಇದ್ದವು. "ಕ್ಯಾಮೆರಾ ತಗೊಳ್ಳೋ," ಅಂದಳು.

ದಾರಿಯಲ್ಲಿ ಅಕ್ಕನ ಮಗ ಗುಟ್ಟಾಗಿ ಹೇಳಿದ. "ಚಿಕ್ಕಮ್ಮ, ನನಗೇನೋ ಇವಳದೇ ಕೆಲಸ ಅನ್ನಿಸುತ್ತೆ. ಸಿಟ್ಟು ಇತ್ತು, ಔಷಧಿ ಕೈಗೆ ಸಿಗೋ ಹಾಗಿತ್ತು."

"ಸರಿ, ಇವಳನ್ನ ಬಿಟ್ಟು ಬೇರೆಯವರನ್ನ ನೋಡೋಣ," ಅಂದಳು ಚಿಕ್ಕಮ್ಮ.

ಮಾದರಿ ಕೊಟ್ಟಿಗೆಯಲ್ಲಿ ಟೈಲ್ಸ್ ಇತ್ತು, ಫ್ಯಾನ್ ಇತ್ತು, ಅತಿಥಿಗಳಿಗೆ ಕೂರಲು ಸೋಫಾ ಕೂಡ ಇತ್ತು. ಹಸುಗಳಿಗೆ ಮಲಗಲು ಬರೀ ಸಿಮೆಂಟು. ಹೆಣಗಳನ್ನು ಸಾಗಿಸಿ ನೆಲ ತೊಳೆದಾಗಿತ್ತು. ಖಾಲಿ ಗೂಟಗಳ ನಡುವೆ ಒಂದು ಎಳೆಗರು ಮಾತ್ರ ಅತ್ತಿತ್ತ ಸುಳಿಯುತ್ತ ಅಂಬಾ ಅನ್ನುತ್ತಿತ್ತು.

"ನಿನ್ನೆ ಸತ್ತ ಕೆಂಪಿ ಹಸುವಿನ ಕರು," ಅಂದಳು ಕೊಟ್ಟಿಗೆಯಾಕೆ. "ಬರೀ ಹಾಲು ಕುಡಿಯೋದು. ಆದರೆ ತುಂಟ. ನಿನ್ನೆ ತಾಯಿ ಗೋದಲಿಗೆ ಮೂತಿ ಹಾಕಿ ಅದೂ ಎರಡು ಬಾಯಿ ತಿಂತು. ನಾನೇ ಎಳೆದು ಈಚೆ ಕಟ್ಟಿದೆ. ಅಲ್ಲಿ ನೀರಿನ ತೊಟ್ಟಿ ಇತ್ತು, ಅದರಲ್ಲೂ ಬಾಯಿ ಅದ್ದಿತು."

"ಅದೇ ತೊಟ್ಟಿ ನೀರನ್ನೇ ಹಸುಗಳೂ ಕುಡಿದಿದ್ದು?"

"ಅದೇ ಅಮ್ಮಾ. ಒಂದೇ ತೊಟ್ಟಿ ಇರೋದು."

ಚಿಕ್ಕಮ್ಮ ಕರುವಿನ ಕಿವಿ ಸವರಿ, ನೇರವಾಗಿ ಚೀಲದ ಹಸುವಿನ ಗೂಡಿಗೆ ಹೋದಳು. ಅದು ಸೊರಗಿ ನಿಂತಿತ್ತು. ಚಿಕ್ಕಮ್ಮ ಅದರ ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದು ಗಲ್ಲದ ಕೂದಲಿಗೆ ಮೂಗು ಹಚ್ಚಿದಳು. ಅಲ್ಲೇ ಇದ್ದ ದನದ ಡಾಕ್ಟರ್ ನಕ್ಕ. ಇಸ್ತ್ರಿ ಮಾಡಿದ ಬಿಳಿ ಕೋಟು, ನುಣ್ಣಗೆ ಬೋಳಿಸಿದ ಗಲ್ಲ. ದನಗಳ ನಡುವೆ ಬದುಕುವವನಿಗಿಂತ ದನಗಳ ಬಗ್ಗೆ ಭಾಷಣ ಮಾಡುವವನ ಹಾಗಿದ್ದ.

"ಮುದ್ದಿಸೋಕೆ ಬಂದ್ರಾ ಚಿಕ್ಕಮ್ಮಾವ್ರೇ?"

"ಮುದ್ದಾಗಿರೋದು ಇಲ್ಲಿ ಇದೊಂದೇ ಡಾಕ್ಟ್ರೇ. ಇದಕ್ಕೆ ಏನು ಕೊಟ್ರಿ?"

"ಎಲ್ಲಕ್ಕೂ ಕೊಟ್ಟಿದ್ದೇ. ಹೃದಯಕ್ಕೆ ಒಂದು ಇಂಜೆಕ್ಷನ್. ಇದು ನೀರು ಕಡಿಮೆ ಕುಡಿದಿತ್ತು ಅಂತ ಕಾಣುತ್ತೆ, ಬದುಕಿಕೊಳ್ತು."

"ಬಾಯಿಗೆ ಏನೂ ಹುಯ್ಯಲಿಲ್ವಾ?"

"ನಡುಗೋ ಹಸುವಿನ ಬಾಯಿಗೆ ಏನಾದ್ರೂ ಹುಯ್ದರೆ ಶ್ವಾಸಕೋಶಕ್ಕೆ ಇಳಿಯುತ್ತೆ. ಅಷ್ಟು ಗೊತ್ತಿಲ್ದೆ ಇರ್ತೀನಾ?"

"ಗೊತ್ತಿರುತ್ತೆ," ಅಂದಳು ಚಿಕ್ಕಮ್ಮ. "ಕುದುರೆಗೆ ತಿನ್ನಿಸಿ ನೋಡೋ ಬುದ್ಧಿವಂತಿಕೆ ಯಾರದ್ದು? ಗೋಡೆ ಆಚೆ ಪಕ್ಕದವರ ಎಮ್ಮೆಗಳಿದ್ವಲ್ಲ."

"ಬೇರೆಯವರ ಎಮ್ಮೆ ಮೇಲೆ ಪ್ರಯೋಗ ಮಾಡೋಕಾಗುತ್ತಾ? ಕುದುರೆ ನಮ್ಮದೇ. ನಾನೇ ಹೇಳಿದೆ," ಅಂದ ಡಾಕ್ಟರ್.

ಚಿಕ್ಕಮ್ಮ ತಲೆಯಾಡಿಸಿ, ಹಸುವಿನ ಎಡ ಪಕ್ಕೆಯ ಮೇಲೆ ದಾರ ಬಿಚ್ಚದೆ ಉಳಿದಿದ್ದ ಹಳೆಯ ಹೊಲಿಗೆಯ ಗಾಯದ ಗುರುತಿನ ಮೇಲೆ ಬೆರಳಾಡಿಸಿದಳು. "ಇದೇನಿದು?"

"ಒಮ್ಮೆ ತಂತಿ ಚೂರು ನುಂಗಿತ್ತು. ನಾನೇ ಹೊಟ್ಟೆ ಕೊಯ್ದು ತೆಗೆದೆ," ಎಂದು ಡಾಕ್ಟರ್ ತನ್ನ ಬೆನ್ನು ತಾನೇ ತಟ್ಟಿಕೊಂಡ. ಚಿಕ್ಕಮ್ಮ ಅಕ್ಕನ ಮಗನಿಗೆ ಸನ್ನೆ ಮಾಡಿದಳು. ಅವನು ಗಾಯದ ಗುರುತನ್ನು ಹತ್ತಿರದಿಂದ ಕ್ಲಿಕ್ಕಿಸಿದ. ಯಾಕೆಂದು ಕೇಳಲಿಲ್ಲ; ಕೇಳಿದರೆ ಬೈಸಿಕೊಳ್ಳಬೇಕಿತ್ತು.

ಮಧ್ಯಾಹ್ನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಊಟ. ತಟ್ಟೆಯಲ್ಲಿ ಹೆಚ್ಚಿದ ಈರುಳ್ಳಿ ಬರೀ ಹಸಿಯಾಗಿತ್ತು. ಅಕ್ಕನ ಮಗ ಮೂಗು ಮುರಿದ.

"ವಿನೆಗರ್ ಹಾಕಿಲ್ಲ ಸಾರ್," ಅಂದ ಕ್ಯಾಂಟೀನಿನವನು. "ನಿನ್ನೆ ಗಲಾಟೇಲಿ ಯಾರೋ ಕ್ಯಾನ್ ಹೊತ್ಕೊಂಡು ಹೋಗಿದ್ದಾರೆ. ಹಿಂದಿನ ಬಾಗಿಲು ತೆರೆದೇ ಇತ್ತು. ಹೊಸ ಕ್ಯಾನ್‌ಗಳು ಸಾಲಾಗಿ ಇವೆ, ಆದರೆ ಮುಚ್ಚಳ ತೆಗೆಯೋಕೆ ಸಾಹುಕಾರ್ರ ಅಪ್ಪಣೆ ಬೇಕು. ಈರುಳ್ಳಿಗೆ ಅಪ್ಪಣೆ ಕೇಳೋಕೆ ಹೋದರೆ ನನ್ನನ್ನೇ ಹೆಚ್ಚಿ ಹಾಕ್ತಾರೆ."

ಕ್ಯಾಂಟೀನಿನ ಹಿಂದಿನ ಬಾಗಿಲು ತೆರೆದರೆ ಎದುರಿಗೆ ಕೊಟ್ಟಿಗೆ. ಕಪಾಟಿನಲ್ಲಿ ದೊಡ್ಡ ದೊಡ್ಡ ವಿನೆಗರ್ ಕ್ಯಾನ್‌ಗಳ ಸಾಲೇ ಇತ್ತು. ಚಿಕ್ಕಮ್ಮ ಅದನ್ನು ನೋಡುತ್ತಲೇ ಊಟ ಮುಗಿಸಿದಳು.

ಊಟವಾದ ಮೇಲೆ ಗೋದಾಮು. ಅಲ್ಲಿ ಸಾಹುಕಾರನ ಅಳಿಯ ಸಿಕ್ಕಿಬಿದ್ದ. ರಸಾಯನಶಾಸ್ತ್ರದಲ್ಲಿ ದೊಡ್ಡ ಡಿಗ್ರಿ ಮಾಡಿದವನು, ಪಶು ಆಹಾರದ ಸೂತ್ರ ಬರೆಯುವವನು ಅವನೇ. ಕೊಟ್ಟಿಗೆಯೊಳಗೆ ಬೂಟು ಹೊಲಸಾಗುತ್ತದೆಂದು ಕಾಲಿಟ್ಟವನಲ್ಲ. ಈಗ ಮಾತ್ರ ಬೆವರು ಸುರಿಸುತ್ತ ಬಿಳಿ ಚೀಲಗಳನ್ನು ಮೂಲೆಗೆ ದೂಡಿ ಮೇಲೆ ಟಾರ್ಪಾಲು ಹೊದಿಸುತ್ತಿದ್ದ. ಅಕ್ಕನ ಮಗ ಚಿಕ್ಕಮ್ಮನ ಮೊಣಕೈ ತಿವಿದ. ಈಗ ಸಿಕ್ಕಿದ ಕಳ್ಳ ಎಂಬುದು ಅವನ ಮುಖದ ಮೇಲೆ ಬರೆದಿತ್ತು.

"ಬಚ್ಚಿಡ್ತಾ ಇದ್ದೀರಾ?" ಎಂದು ಕೇಳಿದಳು ಚಿಕ್ಕಮ್ಮ.

"ಇಲ್ಲ, ಅದು, ತೇವ ಆಗುತ್ತೆ ಅಂತ," ಎಂದು ಅಳಿಯ ತಡವರಿಸಿದ. "ಯೀಸ್ಟ್ ಪುಡಿ ಪರೀಕ್ಷೆ ಮಾಡಿದ್ದೀನಿ ಮೇಡಂ. ಪ್ರತಿ ಲೋಡೂ ಮಾಡ್ತೀನಿ. ಪ್ರೋಟೀನ್ ಅಷ್ಟು ಚೆನ್ನಾಗಿ ಬರುತ್ತೆ, ಇಷ್ಟು ಒಳ್ಳೆ ಮಾಲು ಬೇರೆಲ್ಲೂ ಸಿಗಲ್ಲ. ಆದರೆ ನಿನ್ನೆ ಆದ ಮೇಲೆ ಮಾವ ನನ್ನ ಕಡೆ ಒಂಥರಾ ನೋಡ್ತಿದ್ದಾರೆ."

"ನಿಮ್ಮ ಮೆಷಿನ್ ಎಣಿಸೋದು ಏನನ್ನ?"

"ಸಾರಜನಕ. ಅದನ್ನ ಗುಣಿಸಿದರೆ ಪ್ರೋಟೀನ್ ಬರುತ್ತೆ."

"ಬರುತ್ತೆ ಅಂತ ಪುಸ್ತಕ ಹೇಳುತ್ತೆ," ಅಂದಳು ಚಿಕ್ಕಮ್ಮ. "ನೀವು ಯಾವತ್ತಾದ್ರೂ ಮೂಸಿ ನೋಡಿದ್ದೀರಾ?"

ಅಳಿಯ ಅವಳನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದ. ಚಿಕ್ಕಮ್ಮ ಬಾಯಿಬಿಚ್ಚಿದ್ದ ಒಂದು ಚೀಲದಿಂದ ಚಿಟಿಕೆ ಪುಡಿ ತೆಗೆದು ಮೂಸಿ, ನಾಲಿಗೆಯ ತುದಿಗಿಟ್ಟು ಉಗಿದಳು. ಯೀಸ್ಟ್ ಅಂದಮೇಲೆ ಬ್ರೆಡ್ಡಿನ ಹಾಗೆ ಮೂಗಿಗೆ ಬಡಿಯಬೇಕು. ಇದರಲ್ಲಿದ್ದದ್ದು ತೌಡಿನ ವಾಸನೆ. ನಾಲಿಗೆಗೆ ತಣ್ಣಗೆ, ಕಹಿ. ಇನ್ನೂ ಬಿಚ್ಚದ ಒಂದು ಚೀಲದ ಬಾಯನ್ನು ತೋರಿಸಿ ಅದರ ಫೋಟೋ ತೆಗೆಯಲು ಹೇಳಿದಳು. ಕಾರ್ಖಾನೆಯ ಉಳಿದ ಚೀಲಗಳಿಗೆಲ್ಲ ಮೆಷಿನ್ ಹೊಲಿಗೆ, ಇವಕ್ಕೆ ಕೈಹೊಲಿಗೆ.

ಮೂರು ಗಂಟೆಯ ಹೊತ್ತಿಗೆ ಸ್ಟುಡಿಯೋದಲ್ಲಿ ಎರಡು ಫೋಟೋಗಳು ಮೇಜಿನ ಮೇಲೆ ಪಕ್ಕಪಕ್ಕ ಬಿದ್ದಿದ್ದವು. ಒಂದು ಹಸುವಿನ ಪಕ್ಕೆ, ಒಂದು ಚೀಲದ ಬಾಯಿ. ಅಕ್ಕನ ಮಗ ಎಷ್ಟು ಹೊತ್ತು ನೋಡಿದರೂ ಅವನಿಗೆ ಕಂಡದ್ದು ಹಸುವಿನ ಪಕ್ಕೆ ಮತ್ತು ಚೀಲದ ಬಾಯಿ.

"ಬೆಳಕು ಚೆನ್ನಾಗಿ ಬಂದಿದೆ," ಅಂದ.

"ಬೆಳಕು ನಿನ್ನ ಕ್ಯಾಮೆರಾಗೆ ಮಾತ್ರ ಬಿತ್ತು," ಎಂದಳು ಚಿಕ್ಕಮ್ಮ. ಇನ್ಸ್‌ಪೆಕ್ಟರಿಗೆ ಫೋನ್ ಮಾಡಿ ಎಲ್ಲರನ್ನೂ ಕೊಟ್ಟಿಗೆಗೆ ಕರೆಸಲು, ಅದಕ್ಕೆ ಮೊದಲು ಚೀಲದ ಹಸುವಿನ ಗೂಡನ್ನು ಹುಡುಕಿಸಲು ಹೇಳಿದಳು. ಹೋಗುವ ದಾರಿಯಲ್ಲಿ ಅಂಗಡಿಯಲ್ಲಿ ಹುರಿಯದ ಸೋಯಾ ಕಾಳು ಕೊಂಡು, ಅಲ್ಲೇ ಹಿಟ್ಟು ಮಾಡಿಸಿಕೊಂಡಳು.

ಎಲ್ಲರೂ ಅತಿಥಿಗಳ ಸೋಫಾದ ಮೇಲೆ ಕೂತರು. ಸಾಹುಕಾರ ನಡುವೆ, ಒಂದು ಪಕ್ಕ ಅಳಿಯ, ಇನ್ನೊಂದು ಪಕ್ಕ ಡಾಕ್ಟರ್. ಇನ್ಸ್‌ಪೆಕ್ಟರ್ ಗಡಿಯಾರ ನೋಡಿಕೊಳ್ಳುತ್ತಿದ್ದ. ಕೊಟ್ಟಿಗೆಯಾಕೆಗೆ ಯಾರೂ ಕೂರಲು ಹೇಳಲಿಲ್ಲ. ಅವಳು ಕಂಬಕ್ಕೆ ಒರಗಿ ನಿಂತಳು, ಅವಳ ಪಕ್ಕ ಒಬ್ಬ ಪೇದೆ.

ಚಿಕ್ಕಮ್ಮ ಎರಡು ಗ್ಲಾಸಿನಲ್ಲಿ ಉಗುರು ಬೆಚ್ಚನೆಯ ನೀರು ತರಿಸಿದಳು. ಎರಡಕ್ಕೂ ಸೋಯಾ ಹಿಟ್ಟು ಹಾಕಿದಳು. ಒಂದಕ್ಕೆ ಮಾತ್ರ ಯೀಸ್ಟ್ ಪುಡಿ ಸೇರಿಸಿ, ಎರಡರ ಮೇಲೂ ತಟ್ಟೆ ಮುಚ್ಚಿದಳು.

"ಅಡುಗೆ ಕಲಿಸೋಕೆ ಕರೆಸಿದ್ರಾ?" ಎಂದು ಸಾಹುಕಾರ ಗದರಿದ. "ವಿಷ ಹಾಕಿದವಳು ಎದುರಿಗೇ ನಿಂತಿದ್ದಾಳೆ."

"ಸಾಹುಕಾರ್ರೇ, ನಿಮ್ಮ ಕೊಟ್ಟಿಗೇಲಿ ಮೊದಲನೇ ಸಾಕ್ಷಿ ಆ ಕರು. ಅದನ್ನ ಯಾರೂ ಮಾತಾಡಿಸಲೇ ಇಲ್ಲ," ಎಂದು ಚಿಕ್ಕಮ್ಮ ಶುರುಮಾಡಿದಳು. "ಹಸುಗಳು ಕುಡಿದ ತೊಟ್ಟಿಗೇ ಅದೂ ಬಾಯಿ ಹಾಕಿದೆ. ಉಣ್ಣೆ ಔಷಧಿ ನೀರಲ್ಲಿ ಇದ್ದಿದ್ದರೆ ಮೊದಲು ಬೀಳಬೇಕಾಗಿದ್ದು ಆ ಎಳೆ ಪ್ರಾಣಿ. ಅದು ಕುಣೀತಾ ಇದೆ. ಹಾಗಾಗಿ ನೀರಲ್ಲಿ ಏನೂ ಇರಲಿಲ್ಲ."

"ಹಿಂಡೀಲೂ ಇರಲಿಲ್ಲ," ಅಂದ ಡಾಕ್ಟರ್. "ಕುದುರೆ ತಿಂದಿದೆ. ನೀವು ಹೇಳೋ ಪ್ರಕಾರ ಕರುವೂ ತಿಂದಿದೆ."

"ಹೌದು. ಅಲ್ಲೇ ನಾನೂ ಸ್ವಲ್ಪ ಹೊತ್ತು ನಿಂತೆ. ಕುದುರೆಯನ್ನ ಕೊಲ್ಲಲ್ಲ, ಹಾಲು ಕುಡಿಯೋ ಕರುವನ್ನ ಕೊಲ್ಲಲ್ಲ, ಬೆಳೆದ ಹಸುವನ್ನ ಮಾತ್ರ ಕೊಲ್ಲುತ್ತೆ. ಅಂಥ ವಿಷ ಯಾವುದು? ಕುದುರೆಗೆ ಮೆಲುಕು ಹಾಕೋ ಹೊಟ್ಟೆ ಇಲ್ಲ. ಎಳೆಗರುವಿಗೆ ಆ ಹೊಟ್ಟೆ ಇನ್ನೂ ಕೆಲಸ ಶುರು ಮಾಡಿರಲ್ಲ. ಆ ಹೊಟ್ಟೆಗೆ ಬಿದ್ದ ಮೇಲೆ ವಿಷ ಆಗೋ ಪದಾರ್ಥ ಒಂದಿದೆ. ಹೊಲಕ್ಕೆ ಗೊಬ್ಬರ ಅಂತ ಹಾಕ್ತೀವಲ್ಲ, ಯೂರಿಯಾ."

ಅಳಿಯ ಎದ್ದು ನಿಂತ. ನಿಂತವನು ಯಾಕೆ ನಿಂತೆ ಎಂದು ಗೊತ್ತಾಗದೆ ಮತ್ತೆ ಕೂತ.

"ಮೆಷಿನ್ ಸಾರಜನಕ ಎಣಿಸುತ್ತೆ. ಯೂರಿಯಾ ತುಂಬ ಸಾರಜನಕವೇ. ತೌಡಿಗೆ ಯೂರಿಯಾ ಬೆರೆಸಿ ಕಳಿಸಿದರೆ ನಿಮ್ಮ ಡಿಗ್ರಿ ಅದನ್ನ ಉತ್ತಮ ಪ್ರೋಟೀನ್ ಅಂತ ಓದುತ್ತೆ," ಎಂದು ಚಿಕ್ಕಮ್ಮ ಅವನ ಕಡೆ ತಿರುಗಿದಳು. "ನೀವು ಚೀಲ ಬಚ್ಚಿಟ್ಟಿದ್ದು ಕಳ್ಳತನದಿಂದ ಅಲ್ಲ, ಹೆದರಿಕೆಯಿಂದ. ಕಳ್ಳನಾಗೋಕೂ ಮೂಗು ಬೇಕು. ನಿಮಗೆ ಅದೂ ಇಲ್ಲ."

"ಆದರೆ ಇಷ್ಟು ದಿನ ಅದನ್ನೇ ತಿನ್ನಿಸಿದ್ದೀವಿ," ಅಂದ ಸಾಹುಕಾರ. "ಏನೂ ಆಗಿರಲಿಲ್ಲ."

"ದಿನಕ್ಕೆ ಒಂದು ಹಿಡಿ, ತುಂಬಿದ ಹೊಟ್ಟೆ ಮೇಲೆ. ಅಷ್ಟನ್ನ ಹಸು ತಡ್ಕೊಳ್ಳುತ್ತೆ, ಅಭ್ಯಾಸ ಆದರೆ ಬಳಸಿಕೊಳ್ಳೋದೂ ಉಂಟು. ನಿನ್ನೆ ನೀವು ಉಪವಾಸ ಕೆಡವಿದ ಹೊಟ್ಟೆಗೆ ಬೊಗಸೆಗಟ್ಟಲೆ ಸುರಿದ್ರಿ. ಅದೆಲ್ಲ ಒಂದೇ ಸಲ ಅಮೋನಿಯಾ ಘಾಟಾಗಿ ರಕ್ತಕ್ಕೆ ಏರಿತು. ನೋಡಿ."

ಅವಳು ಮೊದಲ ಗ್ಲಾಸಿನ ಮೇಲಿನ ತಟ್ಟೆ ತೆಗೆದು ಸಾಹುಕಾರನ ಮೂಗಿಗೆ ಹಿಡಿದಳು. ಸೋಯಾ ಹಿಟ್ಟಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಎರಡನೆಯದನ್ನು ತೆಗೆದಾಗ ಸಾಹುಕಾರ ತಲೆ ಹಿಂದಕ್ಕೆ ಎಳೆದುಕೊಂಡ, ಕಣ್ಣಲ್ಲಿ ನೀರು ಬಂತು. ತೊಳೆಯದ ಮೂತ್ರಾಲಯದ ಘಾಟು ಇಡೀ ಸೋಫಾಕ್ಕೆ ಹರಡಿತು. ಹಸಿ ಸೋಯಾದಲ್ಲಿರುವ ಸತ್ವ ಯೂರಿಯಾವನ್ನು ಒಡೆಯುತ್ತದೆ, ಹಸುವಿನ ಹೊಟ್ಟೆಯಲ್ಲೂ ಇದೇ ನಡೆಯುತ್ತದೆ ಎಂದು ಚಿಕ್ಕಮ್ಮ ವಿವರಿಸಿದಳು. ಇನ್ಸ್‌ಪೆಕ್ಟರ್ ಗಡಿಯಾರ ನೋಡುವುದನ್ನು ಬಿಟ್ಟ.

"ಆ ಏಜೆಂಟನ ಚರ್ಮ ಸುಲೀತೀನಿ," ಎಂದ ಸಾಹುಕಾರ.

"ಅವನು ಚೀಲ ಹೊರೋನು, ಅಷ್ಟೆ. ಬೆರೆಸಿದವರು ನಿಮ್ಮ ಪಕ್ಕದಲ್ಲೇ ಕೂತಿದ್ದಾರೆ," ಎಂದು ಚಿಕ್ಕಮ್ಮ ಡಾಕ್ಟರನನ್ನು ನೋಡಿದಳು. "ಡಾಕ್ಟ್ರೇ, ಹಸುಗಳು ನಡುಗೋಕೆ ಶುರುವಾದಾಗಲೇ ನಿಮಗೆ ಗೊತ್ತಾಯ್ತು. ಯಾಕಂದ್ರೆ ಚೀಲದಲ್ಲಿ ಏನಿದೆ ಅಂತ ನಿಮಗೊಬ್ಬರಿಗೇ ಗೊತ್ತಿತ್ತು. ಯೂರಿಯಾ ಏರಿದ ಹಸುವಿಗೆ ತಕ್ಷಣದ ಮದ್ದು ವಿನೆಗರ್. ತಣ್ಣೀರಲ್ಲಿ ಬೆರೆಸಿ ಹೊಟ್ಟೆಗೆ ಹುಯ್ದರೆ ಆ ಘಾಟು ಅಡಗುತ್ತೆ. ಚೀಲದ ಹಸುವನ್ನ ಉಳಿಸದೇ ಹೋದರೆ ಸಾಹುಕಾರ್ರು ನಿಮ್ಮನ್ನ ಬಿಡಲ್ಲ. ಎಲ್ಲರನ್ನೂ ಆಚೆ ಅಟ್ಟಿ ಬಾಗಿಲು ಹಾಕಿಕೊಂಡ್ರಿ. ಗಲಾಟೆ ಮಧ್ಯೆ ಕ್ಯಾಂಟೀನಿಂದ ಎತ್ತಿ ತಂದಿದ್ದ ಕ್ಯಾನನ್ನ ಅದರ ಗಂಟಲಿಗೆ ಇಳಿಸಿದ್ರಿ. ಕೇಳಿದರೆ ಬಾಯಿಗೆ ಏನೂ ಹುಯ್ದಿಲ್ಲ ಅಂದ್ರಿ. ಅದರ ಗಲ್ಲ ಇವತ್ತಿಗೂ ವಿನೆಗರ್ ವಾಸನೆ ಹೊಡೀತಿದೆ. ಖಾಲಿ ಕ್ಯಾನು ಆ ಗೂಡಿನ ಹುಲ್ಲಿನ ಕೆಳಗೆ ಈಗ ತಾ‌ನೇ ಪೇದೆಯವರಿಗೆ ಸಿಕ್ಕಿತು."

"ವಿನೆಗರ್ ಕೊಟ್ಟಿದ್ದು ಅಪರಾಧನಾ?" ಡಾಕ್ಟರ್ ನಗಲು ನೋಡಿದ. "ಹೊಟ್ಟೆ ಉಬ್ಬರಕ್ಕೆ ಅಂತ ಏನೋ ಪ್ರಯತ್ನ ಮಾಡಿದೆ."

"ಹಾಗಾದರೆ ಮುಚ್ಚಿಟ್ಟಿದ್ದು ಯಾಕೆ? ಪ್ರಯೋಗಕ್ಕೆ ಮೆಲುಕು ಹಾಕದ ಪ್ರಾಣೀನೇ ಹುಡುಕಿ ಕೊಟ್ಟಿದ್ದು ಯಾಕೆ? ಎಮ್ಮೆ ತಿಂದರೆ ಸಾಯುತ್ತೆ ಅಂತ ದನದ ಡಾಕ್ಟರಿಗೆ ಗೊತ್ತಿರುತ್ತೆ. ಈ ಸೋಫಾದ ಮೇಲೆ ಕೂತಿದ್ದವರಿಗೆ ಮಾತ್ರ ನಾಲ್ಕು ಕಾಲಿರೋದೆಲ್ಲ ಒಂದೇ."

ಆಮೇಲೆ ಅವಳು ಎರಡು ಫೋಟೋಗಳನ್ನು ಇನ್ಸ್‌ಪೆಕ್ಟರನ ಕೈಗಿಟ್ಟಳು. ಹಸುವಿನ ಪಕ್ಕೆಯ ಗಾಯದ ಗುರುತಿನಲ್ಲಿ ಪ್ರತಿ ಹೊಲಿಗೆಯೂ ಹಿಂದಿನದರ ಕುಣಿಕೆಯೊಳಗೆ ನುಸುಳಿ ಒಂದೇ ಕಡೆಗೆ ಓರೆಯಾಗಿ ಸಾಗಿತ್ತು. ಕೊನೆಯಲ್ಲಿ ಎರಡು ಸುತ್ತು ಹಾಕಿದ ಗಂಟು. ಚೀಲದ ಬಾಯಲ್ಲಿಯೂ ಅದೇ ಕುಣಿಕೆ, ಅದೇ ಓರೆ, ಅದೇ ಗಂಟು. ಅಕ್ಕನ ಮಗ ಬಗ್ಗಿ ನೋಡಿ ತನ್ನ ಹಣೆಗೆ ತಾನೇ ಹೊಡೆದುಕೊಂಡ.

"ದನದ ಚರ್ಮ ಹೊಲಿಯೋ ಹೊಲಿಗೆ ಇದು. ಗೋಣಿ ಹೊಲಿಯೋರು ಯಾರೂ ಹೀಗೆ ಹೊಲಿಯಲ್ಲ," ಎಂದಳು ಚಿಕ್ಕಮ್ಮ. "ಗುಟ್ಟು ಹೊರಗೆ ಹೋಗುತ್ತೆ ಅಂತ ಯಾರನ್ನೂ ನಂಬದೆ ತಾವೇ ಬೆರೆಸಿ, ತಾವೇ ಹೊಲಿದ್ರು. ಕೈ ತನಗೆ ಗೊತ್ತಿದ್ದ ಹಾಗೇ ಹೊಲಿಯಿತು. ಏಜೆಂಟಿನ ಗಾಡಿ ಇವರ ಮನೆ ಹಿಂದಿನ ಶೆಡ್ಡಿಂದ ಹೊರಡೋದನ್ನ ಹಾಲಿನ ಗಾಡಿಯವನು ನೋಡಿದ್ದಾನೆ. ಅಲ್ಲಿ ಹುಡುಕಿ ಇನ್ಸ್‌ಪೆಕ್ಟ್ರೇ, ತೌಡು, ಯೂರಿಯಾ ಎರಡೂ ಸಿಗುತ್ತೆ. ಏಜೆಂಟು ಯಾರು ಅಂತ ಇವರ ಹೆಂಡತೀನ ಕೇಳಿ. ತಮ್ಮನ ಹೆಸರು ಅವರಿಗೆ ಮರೆತಿರಲ್ಲ."

ಡಾಕ್ಟರ್ ಮೊದಲು ಇನ್ಸ್‌ಪೆಕ್ಟರನ ಕಡೆ, ಆಮೇಲೆ ಸಾಹುಕಾರನ ಕಡೆ ನೋಡಿದ. "ನಾನು ಕೊಲ್ಲಬೇಕು ಅಂತ ಮಾಡಲಿಲ್ಲ," ಅಂದ. "ಒಂದು ಹಿಡಿಗಿಂತ ಜಾಸ್ತಿ ಹಾಕಬೇಡಿ ಅಂತ ಮೊದಲೇ ಹೇಳಿದ್ದೆ. ಇವರು ಮೆರೆಯೋಕೆ ಹೋಗಿ ಸುರಿದರೆ ನಾನೇನು ಮಾಡಲಿ?"

"ನೀನು ಗೊಬ್ಬರ ಮಾರಿದವನು ಕಣೋ," ಎಂದು ಸಾಹುಕಾರ ಕಿರುಚಿದ. ಅಲ್ಲಿಂದ ಇಬ್ಬರೂ ಒಬ್ಬರ ಮೇಲೊಬ್ಬರು ಕೆಸರೆರಚತೊಡಗಿದರು. ನನ್ನ ಹೆಸರು ಹಾಳಾಯಿತು ಎಂದು ಒಬ್ಬ, ನನ್ನ ಕೆಲಸ ಹೋಯಿತು ಎಂದು ಇನ್ನೊಬ್ಬ. ಸತ್ತ ಹಸುಗಳ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಅಕ್ಕನ ಮಗ ಅಸಹ್ಯಪಟ್ಟು ಮುಖ ತಿರುಗಿಸಿದ.

ಇನ್ಸ್‌ಪೆಕ್ಟರ್ ಪೇದೆಗೆ ಸನ್ನೆ ಮಾಡಿದ. ಪೇದೆ ಕೊಟ್ಟಿಗೆಯಾಕೆಯ ಪಕ್ಕದಿಂದ ಸರಿದು ಡಾಕ್ಟರನ ಪಕ್ಕಕ್ಕೆ ಹೋಗಿ ನಿಂತ. ಆಗ ಕೊಟ್ಟಿಗೆಯಾಕೆ ಬಾಯಿಬಿಟ್ಟಳು.

"ಅಮ್ಮಾ, ಒಂದು ಮಾತು. ಕೆಂಪಿ ಕೊನೇವರೆಗೂ ನಿಂತೇ ಇತ್ತು. ಇವರು ಚೀಲದ ಹಸುವಿನ ಗೂಡಿಂದ ಈಚೆ ಬಂದಾಗಲೂ ನಿಂತಿತ್ತು. ಆ ವಿನೆಗರ್ ಅದಕ್ಕೂ ಕೊಟ್ಟಿದ್ದರೆ ಉಳೀತಿತ್ತಾ?"

ಸುಳ್ಳು ಹೇಳಲು ಚಿಕ್ಕಮ್ಮನಿಗೆ ಬರುತ್ತಿರಲಿಲ್ಲ, ಆ ಗಳಿಗೆಯಲ್ಲಿ ಬಂದಿದ್ದರೆ ಚೆನ್ನಾಗಿತ್ತು.

"ಉಳೀತಿತ್ತು," ಅಂದಳು. "ಕಪಾಟಿನಲ್ಲಿ ಇನ್ನೂ ಬೇಕಾದಷ್ಟು ಇತ್ತು. ಬಹುಶಃ ಇನ್ನೂ ಎರಡು ಮೂರು ಉಳೀತಿದ್ವು. ಆದರೆ ಎಲ್ಲರೆದುರು ವಿನೆಗರ್ ಹುಯ್ದರೆ ಯಾಕೆ ಅಂತ ಯಾರಾದ್ರೂ ಕೇಳ್ತಿದ್ರು."

ಕೊಟ್ಟಿಗೆಯಾಕೆ ಡಾಕ್ಟರನನ್ನು ನೋಡಿದಳು. ಅವನು ತನ್ನ ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತ ನೆಲ ನೋಡಿದ.

ಸಾಹುಕಾರ ಕರವಸ್ತ್ರದಿಂದ ಮುಖ ಒರೆಸಿಕೊಂಡು, ದೊಡ್ಡ ಮನಸ್ಸು ಮಾಡುವವನ ಹಾಗೆ ಗಂಟಲು ಸರಿಪಡಿಸಿಕೊಂಡ. "ಆಯ್ತಲ್ಲ, ನಿನ್ನ ತಪ್ಪಿಲ್ಲ ಅಂತಾಯ್ತು. ಏನೋ ಆ ಹೊತ್ತಲ್ಲಿ ಒಂದು ಮಾತು ಬಂತು, ಮನಸ್ಸಿಗೆ ಹಚ್ಕೋಬೇಡ. ನಾಳೆಯಿಂದ ಕೆಲಸಕ್ಕೆ ಬಾ."

"ಯಾರ ಹಾಲು ಕರೆಯೋಕೆ ಸಾಹುಕಾರ್ರೇ?" ಎಂದು ಕೇಳಿದಳು ಅವಳು.

ಸಾಹುಕಾರ ಖಾಲಿ ಗೂಟಗಳ ಸಾಲನ್ನು ಆಗಷ್ಟೇ ನೋಡಿದವನ ಹಾಗೆ ನೋಡಿದ. ಹೊಸ ಹಸು ತರಿಸುತ್ತೇನೆ, ಇನ್ನೂ ಒಳ್ಳೆ ತಳಿ ತರಿಸುತ್ತೇನೆ ಎಂದು ಏನೋ ಹೇಳುತ್ತಿದ್ದ. ಅವನ ಮಾತು ಮುಗಿಯುವ ಮೊದಲೇ ಕೊಟ್ಟಿಗೆಯಾಕೆ ಬೂಟು ಕಳಚಿ ಕಂಬದ ಬುಡದಲ್ಲಿ ಜೋಡಿಸಿಟ್ಟು, ಬರಿಗಾಲಲ್ಲಿ ಕೊಟ್ಟಿಗೆಯ ಹಿಂದಿದ್ದ ತನ್ನ ಕೋಣೆಯ ಕಡೆ ಗಂಟುಮೂಟೆ ಕಟ್ಟಲು ನಡೆದಳು.